ಗೋವಿನಜೋಳದ ದಂಟಿನ್ಯಾಗ ಪೆಟ್ರೋಲ್ ಐತೇನ್ರೀ?

ಪ್ರಶ್ನೆ: ಸರ್ರ, ನಮಸ್ಕಾರ. ನಮ್ದು ನಾಲ್ಕು ಎಕರೆ ಗೋವಿನಜೋಳ, ಎರಡು ಎಕರೆ ಹತ್ತಿ. ರಾಶಿ ಆದಮ್ಯಾಲೆ ದಂಟು, ಬೆಂಡು, ಹತ್ತಿ ಕಟಗಿ ಎಲ್ಲಾ ಬದುವಿಗೆ ಒಟ್ಟಿ ಬೆಂಕಿ ಹಚ್ಚತೀವಿ. ಮೊನ್ನೆ ಒಬ್ರು ಮನೀಗೆ ಬಂದು, ಈ ಕಸದಾಗಿಂದ ಎಥನಾಲ್ (ಪೆಟ್ರೋಲಿಗೆ ಕೂಡಸೋ ಆಲ್ಕೋಹಾಲು) ತಗೀಬೋದು, ಹಿತ್ತಲದಾಗ ಒಂದು ಮಷೀನ್ ಇಟ್ರ ಸಾಕು, ಅಡ್ವಾನ್ಸ್ ಕೊಡ್ರಿ ಅಂದ್ರು. ಖರೇನ ಏನ್ರೀ?
– ಓದುಗರು, ರಾಣೆಬೆನ್ನೂರ ತಾಲೂಕು

ಉತ್ತರ: ಮೊದಲ ಆ ಅಡ್ವಾನ್ಸ್ ಕೊಡಬ್ಯಾಡ್ರಿ. ಕಸದಾಗಿಂದ ಎಥನಾಲ್ ಬರೋದು ಖರೆ, ಆದ್ರ ಹಿತ್ತಲದ ಮಷೀನಿನ್ಯಾಗ ಅಲ್ಲ.

ಒಂದು ತುತ್ತು ಜೋಳದ ರೊಟ್ಟಿ ನುಂಗದ ಅಗಕೋತ ಕುಂದರ್ರಿ, ಸ್ವಲ್ಪ ಹೊತ್ತಿಗೆ ಸಿಹಿ ಹತ್ತತೈತಿ, ಯಾಕಂದ್ರ ಉಗುಳಿನ್ಯಾಗಿನ ಎಂಜೈಮು ಪಿಷ್ಟ ಒಡದು ಸಕ್ಕರಿ ಮಾಡತೈತಿ. ಅದ ಒಣಾ ಕಣಕಿ ತಾಸಗಟ್ಟಲೆ ಅಗದ್ರೂ ದವಡಿ ನೋಯತೈತಿ ಅಷ್ಟ. ಕಣಕಿಯೊಳಗೂ ಗ್ಲೂಕೋಸ್ ಅನ್ನೋ ಸಕ್ಕರಿ ಐತ್ರಿ, ಆದ್ರ ಅದು ಸೆಲ್ಯುಲೋಸ್ ಅಂತ ಬಿಗಿ ಎಳಿಯಾಗಿ ಹೆಣಕೊಂಡಿರತೈತಿ, ಅದರ ಸುತ್ತ ಹೆಮಿಸೆಲ್ಯುಲೋಸು ಅನ್ನೋ ಇನ್ನೊಂದು ಸಕ್ಕರಿ ಸರಪಳಿ, ಅದರ ಮ್ಯಾಲೆ ಲಿಗ್ನಿನ್ ಅನ್ನೋ ಗಾರಿ ಮೆತ್ತಿದಂಗ. ನಮ್ಮ ಎತ್ತಿಗೆ ಅದು ದಕ್ಕತೈತೆಲ್ಲ ಅಂತೀರಿ, ಎತ್ತೂ ತಾನ ಕರಗಸಂಗಿಲ್ಲ, ಅದರ ಹೊಟ್ಟಿಯೊಳಗಿನ ಕೋಟಿಗಟ್ಟಲೆ ಸೂಕ್ಷ್ಮಜೀವಿ ಕರಗಸತಾವ.

ಫ್ಯಾಕ್ಟರ್ಯಾಗೂ ಅದ ಕೆಲಸ. ದಂಟು ಸಣ್ಣಗ ಕತ್ತರಿಸಿ, ತೆಳು ಆಸಿಡ್ ಹಾಕಿ, ಜೋರು ಪ್ರೆಶರಿನ ಹಬಿಯೊಳಗ ಬೇಸಿ ಗಾರಿ ಸಡ್ಲ ಮಾಡತಾರ. ಆಮ್ಯಾಲೆ ಸೆಲ್ಯುಲೇಸ್ ಎಂಜೈಮು ಹಾಕಿ ಸಕ್ಕರಿ ಬಿಡಸತಾರ. ಈ ಎಂಜೈಮು ಕೊಡೋದು ಟ್ರೈಕೋಡರ್ಮಾ ರೀಸೈ ಅನ್ನೋ ಶಿಲೀಂಧ್ರ, ನೀವು ಬೀಜೋಪಚಾರಕ್ಕ ತರತೀರಲ್ಲ ಆ ಟ್ರೈಕೋಡರ್ಮಾದ ಮನೆತನದ್ದ. ಎರಡನೇ ಮಹಾಯುದ್ಧದಾಗ ಸಾಲೊಮನ್ ದ್ವೀಪದೊಳಗ ಅಮೆರಿಕದ ಸೈನ್ಯದ ಹತ್ತಿ ಟೆಂಟು ಕೊಳತು ತೂತ ಬೀಳಾಕತ್ತಿದ್ವು, ಅದನ್ನ ತಿನ್ನೋದು ಏನಂತ ಹುಡುಕಿದಾಗ ಸಿಕ್ಕಿದ್ದ ಇದು. ಟೆಂಟ್ ತಿಂದ ಶಿಲೀಂಧ್ರನ ಈಗ ಹತ್ತಿ ಕಟಗಿ ಕರಗಸಾಕ ಬೇಕಾಗೈತಿ ನೋಡ್ರಿ, ನನಗಂತೂ ಇದು ಬಾಳ ಚಂದ ಅನಸತೈತಿ.

ಸಕ್ಕರಿ ಬಂದಮ್ಯಾಲೆ ಅದನ್ನ ತಿಂದು ಎಥನಾಲ್ ಮಾಡೋ ಸೂಕ್ಷ್ಮಜೀವಿ ಯೀಸ್ಟಿನ ಪಾಳಿ. ನೂರು ಕೆಜಿ ಗ್ಲೂಕೋಸಿನ್ಯಾಗ ಹೆಚ್ಚಂದ್ರ 51 ಕೆಜಿ ಎಥನಾಲ್, ಉಳಿದಿದ್ದು ಕಾರ್ಬನ್ ಡೈ ಆಕ್ಸೈಡ್ ಆಗಿ ಹೋಗತೈತಿ. ಹೆಮಿಸೆಲ್ಯುಲೋಸಿನಿಂದ ಬರೋ ಝೈಲೋಸ್ ಅನ್ನೋ ಸಕ್ಕರಿ ಮಾತ್ರ ಸಾದಾ ಯೀಸ್ಟಿಗೆ ದಕ್ಕಂಗಿಲ್ಲ, ಅದಕ್ಕ ಜೀನ್ ಬದಲಿಸಿದ ಯೀಸ್ಟು ಬೇಕು. ಕಡೀಕ ಭಟ್ಟಿ ಇಳಸಿದ್ರೂ 95-96 ಪರ್ಸೆಂಟಿಗೆ ನಿಂತ ಬಿಡತೈತಿ, ಪೆಟ್ರೋಲಿಗೆ ಕೂಡಸಾಕ ಆ ಉಳಿದ ನೀರೂ ತಗೀಬೇಕು, ಅದಕ್ಕ ಬ್ಯಾರೆ ಯಂತ್ರ. ಇಷ್ಟೆಲ್ಲಾ ಹಿತ್ತಲದಾಗ ಆಗೋ ಮಾತಲ್ರೀ. ಲೈಸನ್ಸ್ ಇಲ್ಲದ ಭಟ್ಟಿ ಇಳಸಿದ್ರ ಅಬಕಾರಿಯವರು ಬರತಾರ, ಅದು ಬ್ಯಾರೆ.

ಹರಿಯಾಣದ ಪಾಣಿಪತ್‌ದಾಗ ಇಂಡಿಯನ್ ಆಯಿಲ್‌ನವರ ಇಂಥಾ ಒಂದು ಪ್ಲಾಂಟು 2022ರ ಆಗಸ್ಟಿನ್ಯಾಗ ಉದ್ಘಾಟನೆ ಆತು. 900 ಕೋಟಿಗೂ ಮ್ಯಾಲಿನ ಖರ್ಚು. ವರ್ಷಕ್ಕ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ತಗಿಯೋ ಲೆಕ್ಕ, ಅಂದ್ರ ಟನ್ನಿಗೆ ಸುಮಾರು 150 ಲೀಟರ್. ಅಂಥಾದ್ದು ನಮ್ಮ ಹಾವೇರಿ-ಗದಗ ಸೀಮಿಗೂ ಬರಲಿ ಅಂತ ನನ್ನ ಆಸೆ, ಆದ್ರ ದಂಟು ಹಗರ, ಜಾಗ ಬಾಳ ಹಿಡಿತೈತಿ, ಟ್ರ್ಯಾಕ್ಟರ್ ತುಂಬಿದ್ರೂ ತೂಕ ಬರಂಗಿಲ್ಲ, ಹಂಗಾಗಿ ಪ್ಲಾಂಟು ಹತ್ರ ಇರಬೇಕು, ಹೊಲದಾಗಿಂದ ಒಟ್ಟಿ ತರೋ ಬಾಡಿಗಿ ರೈತನ ತಲಿಮ್ಯಾಲೆ ಬೀಳಬಾರದು.

ಅಲ್ಲೀಮಟ ಸುಡಬ್ಯಾಡ್ರಿ. ದನ ತಿನ್ನೋದು ಮೊದಲ ದನಕ್ಕ, ಬೆಂಡು ಒಲಿಗೆ, ಉಳಿದಿದ್ದು ಕತ್ತರಿಸಿ ಮಣ್ಣಿಗೆ ಸೇರಸ್ರಿ. ಹತ್ತಿ ಕಟಗಿ ಮಾತ್ರ ಬಾಳ ದಿನ ಒಟ್ಟಿ ಇಡಬ್ಯಾಡ್ರಿ, ಒಡೀದ ಕಾಯಿಯೊಳಗ ಗುಲಾಬಿ ಕಾಯಿಕೊರಕ ಕುಂತು ಮುಂದಿನ ಬೆಳಿಗೆ ಬರತೈತಿ.

ಪ್ರಶ್ನೆ: ಗೋವಿನಜೋಳದ ಕಾಳಿನಿಂದ ಈಗ ಎಥನಾಲ್ ಮಾಡತಾರಲ್ಲ, ಅದಕ್ಕೂ ಇದಕ್ಕೂ ಫರಕ್ ಏನು?
– ಓದುಗರು, ಗದಗ

ಉತ್ತರ: ಕಾಳಿನ್ಯಾಗ ಇರೋದು ಪಿಷ್ಟ, ರೊಟ್ಟಿ ಲೆಕ್ಕ, ಲಗೂ ಒಡಿತೈತಿ, ಟನ್ನಿಗೆ ಸುಮಾರು 380 ಲೀಟರ್ ಬರತೈತಿ. ಆದ್ರ ಅದು ಕೋಳಿ, ದನ, ಮನಷ್ಯಾ ತಿನ್ನೋ ಕಾಳು. ದನಕ್ಕ ಹಾಕಿ ಉಳಿದ ದಂಟಿನ ದಾರಿ ಕಷ್ಟದ್ದಾದ್ರೂ ಯಾರ ಬಾಯಿದೂ ಕಸಗೊಳ್ಳಂಗಿಲ್ಲ, ಅದಕ್ಕ ನನ್ನ ಓಟು ದಂಟಿಗೆ.