ಕಾಶ್ಮೀರ ಬಿಟ್ಟವರು ಕೊಡಗಿಗೆ ಬರ್ತಾರಾ?

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಪಹಲ್ಗಾಮ್ ದಾಳಿ ಆದಮೇಲೆ ಕಾಶ್ಮೀರ ಟೂರ್ ರದ್ದು ಮಾಡಿದ ಕೆಲವರು ನಮ್ಮಲ್ಲಿ ರೂಮ್ ಕೇಳಿದ್ದರು. ಇದನ್ನು ನಂಬಿ ಸಾಲ ಮಾಡಿ ಇನ್ನೆರಡು ರೂಮ್ ಕಟ್ಟಬಹುದಾ?

ಉತ್ತರ: ಬೇಡ. ಅಷ್ಟನ್ನೇ ನಂಬಿ ಸಾಲ ಮಾಡಬೇಡಿ.

2025ರ ಏಪ್ರಿಲ್ 22ರಂದು ಪಹಲ್ಗಾಮ್ ಹತ್ತಿರದ ಹುಲ್ಲುಗಾವಲು ಬೈಸರನ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಆಮೇಲೆ ಸರ್ಕಾರ ಕಾಶ್ಮೀರದ 48 ಪ್ರವಾಸಿ ತಾಣಗಳನ್ನು ಮುಚ್ಚಿತು. ಇಂಥ ಹೊತ್ತಲ್ಲಿ ಎಲ್ಲರೂ ಪ್ರವಾಸವನ್ನೇ ಬಿಡುವುದಿಲ್ಲ, ರಜೆ ಸಿಕ್ಕಿರುತ್ತದೆ, ಮಕ್ಕಳು ಬ್ಯಾಗ್ ತುಂಬಿಕೊಂಡು ಕೂತಿರುತ್ತಾರೆ, ಹಾಗಾಗಿ ಊರು ಬದಲಿಸುತ್ತಾರೆ ಅಷ್ಟೇ. ನಿಮಗೆ ಬಂದ ಫೋನ್ ಅಂಥವರದು.

ಆದರೆ ಭಯ ಇಳಿಯುತ್ತದೆ. ಶ್ರೀಲಂಕಾ ನೋಡಿ. 2019ರ ಈಸ್ಟರ್ ಬಾಂಬ್ ದಾಳಿಯ ನಂತರ, ಮೇ ತಿಂಗಳಲ್ಲಿ ವಿದೇಶಿ ಪ್ರವಾಸಿಗರು ಹಿಂದಿನ ವರ್ಷಕ್ಕಿಂತ ಸುಮಾರು ಶೇ. 70 ಕಡಿಮೆಯಾದರು. ಡಿಸೆಂಬರ್ ಹೊತ್ತಿಗೆ ಹೆಚ್ಚುಕಡಿಮೆ ಹಳೆಯ ಲೆಕ್ಕಕ್ಕೇ ಬಂದಿತ್ತು. ದಾಳಿ ಪದೇ ಪದೇ ಆದರೆ ಮಾತ್ರ ಚೇತರಿಕೆ ತುಂಬಾ ನಿಧಾನ.

ಇನ್ನೊಂದು ಮಾತು. ದೂರದವರಿಗೆ ಮ್ಯಾಪ್ ಗೊತ್ತಿರುವುದಿಲ್ಲ. 2018ರಲ್ಲಿ ಕೊಡಗಿನಲ್ಲಾದ ಭೂಕುಸಿತದಲ್ಲಿ ಏನೂ ಆಗದ ಊರುಗಳ ಹೋಂಸ್ಟೇಗಳೂ ಖಾಲಿ ಹೊಡೆದವು, ನಿಮಗೇ ಗೊತ್ತಲ್ವಾ? ಪಹಲ್ಗಾಮ್‌ನ ಕುದುರೆಯವರಿಗೂ ಟ್ಯಾಕ್ಸಿಯವರಿಗೂ ಆದದ್ದು ಅದೇ, ತಪ್ಪು ಯಾರದೋ, ಒಲೆ ಆರಿದ್ದು ಅವರ ಮನೆಯದು. ಅದನ್ನು ನೆನೆದರೆ ಸಂಕಟವಾಗುತ್ತದೆ. ಅದಕ್ಕೇ ದಯವಿಟ್ಟು ಜಾಹೀರಾತಿನಲ್ಲಿ 'ಕಾಶ್ಮೀರಕ್ಕಿಂತ ಸೇಫ್' ಅಂತ ಮಾತ್ರ ಹಾಕಬೇಡಿ.

ರೂಮ್ ಕಟ್ಟಲೇಬೇಕಿದ್ದರೆ ಬೆಂಗಳೂರು, ಮೈಸೂರಿನಿಂದ ವೀಕೆಂಡಿಗೆ ಬರುವವರ ಬುಕಿಂಗ್ ನೋಡಿ ನಿರ್ಧರಿಸಿ. ಮಳೆಗಾಲದ ಖಾಲಿ ತಿಂಗಳುಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.