ಟೆಹ್ರಾನಿನ ಟ್ಯಾಕ್ಸಿಯವನು ದುಡ್ಡು ಬೇಡ ಅಂದರೆ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಟೆಹ್ರಾನಿಗೆ ಬಂದು ಇನ್ನೂ ಮೂರು ವಾರ. ಟ್ಯಾಕ್ಸಿ ಇಳಿಯುವಾಗ ಎಷ್ಟಾಯಿತು ಅಂತ ಕೇಳಿದಿರಿ. ಡ್ರೈವರ್ ಎದೆ ಮೇಲೆ ಕೈಯಿಟ್ಟು 'ಗಾಬೆಲ್ ನದಾರೆ' ಅಂದ. ಎಂಥ ಒಳ್ಳೆಯವನಪ್ಪಾ ಅಂದುಕೊಂಡು ಇಳಿದು ಹೊರಟುಬಿಟ್ಟಿರಿ. ಅವನು ಹಿಂದೆಯೇ ಕೂಗಿಕೊಂಡು ಬಂದ. 'ಇಲ್ಲಿಯವರು ಬಾಯಿಗೆ ಬಂದ ಸುಳ್ಳು ಹೇಳ್ತಾರಾ ಅಕ್ಕಾ?' ಅಂತ ಕೇಳಿದ್ದೀರಿ.

ಸುಳ್ಳಲ್ಲ, ಅದು ತಾರೊಫ್, ಅಂದರೆ ಇಲ್ಲಿಯವರ ಉಪಚಾರದ ಮಾತು. 'ನಿಮ್ಮ ಮುಂದೆ ಇದೇನು ಮಹಾ' ಅಂತ 'ಗಾಬೆಲ್ ನದಾರೆ'ಯ ಅರ್ಥ. ಅವನು ಅವನ ಮಾತು ಹೇಳಿದ, ಮುಂದಿನದು ನಿಮ್ಮದು. 'ಖಾಹೆಶ್ ಮೀಕೊನಮ್', ಅಂದರೆ ದಯವಿಟ್ಟು ಅಂತ ದುಡ್ಡು ಮುಂದೆ ಹಿಡಿಯಬೇಕು. ಅವನು ಇನ್ನೊಮ್ಮೆ ಬೇಡ ಅನ್ನಬಹುದು. ನೀವು ಮತ್ತೆ ಹಿಡಿಯಿರಿ. ತಗೊಳ್ಳುತ್ತಾನೆ. ಅಂಗಡಿಯಲ್ಲೂ ಹೀಗೇ.

ನಮ್ಮಲ್ಲೂ ಇದೆ, ಅಲ್ವಾ? ಊಟದ ಹೊತ್ತಿಗೆ ಬಂದವರಿಗೆ 'ಏಳಿ, ಕೈ ತೊಳೀರಿ' ಅಂತೀವಿ. ಹೊಟ್ಟೆ ಚುರುಗುಟ್ಟುತ್ತಿದ್ದರೂ ಅವರು 'ಈಗ ತಾನೇ ಆಯ್ತು' ಅಂತಾರೆ. ನಮ್ಮದು ಹೆಚ್ಚಾಗಿ ಎಲೆ ಮುಂದೆ ನಡೆಯುತ್ತೆ. ಇವರದು ಬಾಗಿಲಲ್ಲಿ, ಲಿಫ್ಟಿನಲ್ಲಿ, ದುಡ್ಡಿನಲ್ಲಿ, ಎಲ್ಲ ಕಡೆ.

ನಾನೂ ಬಿದ್ದೇ ಕಲಿತದ್ದು. ಮೊದಲ ಚಳಿಗಾಲ. ಮೇಲಿನ ಮನೆಯಾಕೆಯ ಶಾಲು ಚೆನ್ನಾಗಿದೆ ಅಂದೆ. ಆಕೆ 'ಪೀಶ್‌ಕೆಶ್' ಅಂತ ತೆಗೆದು ಕೊಟ್ಟರು. ನಮ್ಮ ಪಾಳೆಯಗಾರರು ಕೊಡುತ್ತಿದ್ದ ಪೇಷ್ಕಷ್ ಇದೆಯಲ್ಲ, ಅದೇ ಮಾತು, ಕಾಣಿಕೆ ಅಂತ. ನಾನು ಖುಷಿಯಾಗಿ ಹೊದ್ದುಕೊಂಡು ಬಂದೆ! ಆಕೆಯ ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ಒಮ್ಮೆ ಶಾಲಿನ ಕಡೆ ಹೋಯಿತು. ವಿಷಯ ತಿಳಿದ ಮೇಲೆ ಒಂದು ಡಬ್ಬಿ ಪಿಸ್ತಾ ಜೊತೆ ವಾಪಸು ಕೊಡಲು ಹೋದೆ. ಈಗ ಆಕೆ ತಗೊಳ್ಳಲು ಒಲ್ಲೆ ಅಂತ ಶುರು. ಹತ್ತು ನಿಮಿಷ ಮೆಟ್ಟಿಲ ಮೇಲೇ ಜಗ್ಗಾಡಿದೆವು.

ನಿಜವಾದ ಕರೆ ಯಾವುದು ಅಂತ ಹೇಗೆ ತಿಳಿಯೋದು? ಮೂರು ಸಲ ಬೇಡ ಅನ್ನಬೇಕು ಅಂತಾರೆ, ನಾನು ಅದನ್ನು ಅಷ್ಟಾಗಿ ನಂಬಲ್ಲ. ದಿನ, ಗಂಟೆ, ಅಡುಗೆ ಇದೆಯಾ ನೋಡಿ. 'ಒಮ್ಮೆ ಮನೆಗೆ ಬನ್ನಿ' ಅಂದರೆ ಸುಮ್ನೆ ನಕ್ಕು ಥ್ಯಾಂಕ್ಸ್ ಹೇಳಿ. 'ಗುರುವಾರ ರಾತ್ರಿ ಎಂಟಕ್ಕೆ, ಘೊರ್ಮೆ ಸಬ್ಜಿ ಮಾಡ್ತೀನಿ, ಮಾಂಸ ತಿಂತೀರಾ?' ಅಂದರೆ ಹೂವೋ ಸಿಹಿಯೋ ಹಿಡಿದು ಹೋಗಿ. ಬರೀ ಬಾಯಿಮಾತಿನ ಕರೆಗೆ ಇವರೇ ಇಟ್ಟ ಹೆಸರಿದೆ, 'ಶಾಹ್ ಅಬ್ದೊಲ್ ಅಜೀಮಿ ತಾರೊಫ್' ಅಂತ. ಟೆಹ್ರಾನಿನ ದಕ್ಷಿಣಕ್ಕೆ ರೇ ಊರಿನಲ್ಲಿರುವ ದರ್ಗಾದ ಹೆಸರು ಅದು. ಹೊರಟು ನಿಂತ ಯಾತ್ರಿಕರನ್ನು ಅಲ್ಲಿಯವರು ಮನೆಗೆ ಕರೆಯುತ್ತಾರೆ ಅಂತ ತಮಾಷೆ.

ಭಾಷೆ ಕಲಿಯುವಾಗ ಕಥೆಗಳನ್ನೂ ಓದಿ. ಮುಲ್ಲಾ ನಸ್ರುದ್ದೀನ್ ದಾರಿ ಪಕ್ಕ ರೊಟ್ಟಿ ತಿನ್ನುತ್ತಾ, ಹೋಗುತ್ತಿದ್ದ ಸವಾರನಿಗೆ 'ಬೆಫರ್ಮಾಯಿದ್, ಬನ್ನಿ' ಅಂತಾನೆ. ಸವಾರ ಇಳಿದೇಬಿಟ್ಟ. 'ಕುದುರೆಯ ಗೂಟ ಎಲ್ಲಿ ಹೊಡೆಯಲಿ?' 'ನನ್ನ ಈ ಹಾಳು ನಾಲಿಗೆ ಮೇಲೆ ಹೊಡಿ' ಅಂತಾನೆ ಮುಲ್ಲಾ.

ಇರಾನಿನ ಕಥೆಗಾರ ಜಮಾಲ್‌ಜಾದೆಯವರ 'ಕಬಾಬೆ ಗಾಜ್', ಅಂದರೆ ಹೆಬ್ಬಾತಿನ ಕಬಾಬ್, ಆ ಕಥೆಯ ಮುಸ್ತಫಾ ಇನ್ನೂ ಮಜಾ. ಮನೆಯಲ್ಲಿರುವುದು ಒಂದೇ ಹೆಬ್ಬಾತು, ಅದು ನಾಳಿನ ಅತಿಥಿಗಳಿಗೂ ಉಳಿಯಬೇಕು. ಹಾಗಾಗಿ ಉಳಿದ ಅತಿಥಿಗಳೂ ಬೇಡ ಅನ್ನಲಿ ಅಂತ, ಅವರ ಮುಂದೆ 'ಹೊಟ್ಟೆ ತುಂಬಿದೆ, ಬೇಡ' ಅಂತ ಹೇಳೋದು ಬಡ ನೆಂಟ ಮುಸ್ತಫಾನ ಕೆಲಸ. ಪಾಪ, ಚೆನ್ನಾಗೇ ಹೇಳುತ್ತಾನೆ. ಮನೆಯಾತ ಸುಮ್ಮನಿರಬೇಕಲ್ಲ! ಮರ್ಯಾದೆಗೆ ಒಂದು ಮಾತು ಅಂತ ಒತ್ತಾಯ ಜಾಸ್ತಿ ಮಾಡಿ, ಒಳಗೆ ಬರಘಾನ್ ಊರಿನ ಆಲೂಬುಖಾರಾ ತುಂಬಿದೆ ಅಂತ ಬಾಯಿಬಿಡುತ್ತಾನೆ. ಮುಸ್ತಫಾ ಸೋತ. ಹೆಬ್ಬಾತು ಅಲ್ಲೇ ಖಾಲಿ. ಶಾಲು ಕೊಟ್ಟಾಕೆಯ ಪಾಡು ನನಗೆ ಪೂರ್ತಿ ಗೊತ್ತಾದದ್ದು ಈ ಕಥೆ ಓದಿದ ಮೇಲೆ.

ಎಲ್ಲವೂ ನಾಟಕ ಅಂದುಕೊಳ್ಳಬೇಡಿ. ಶೇರ್ ಟ್ಯಾಕ್ಸಿಯಲ್ಲಿ ಒಮ್ಮೆ ಮುಂದಿನ ಸೀಟಿನ ಅಜ್ಜ ತಿರುಗಿ, 'ಬೆನ್ನು ಹಾಕಿ ಕೂತಿದ್ದೀನಮ್ಮ, ಕ್ಷಮಿಸು' ಅಂದರು. ನಾನು ತಡವರಿಸಿದೆ. ಪಕ್ಕದಲ್ಲಿದ್ದ ಹುಡುಗಿ ನನ್ನ ಪರವಾಗಿ ಉತ್ತರ ಕೊಟ್ಟಳು: 'ಹೂವಿಗೆ ಹಿಂದುಮುಂದು ಇಲ್ಲ.'

ಆ ಡ್ರೈವರ್ ಅದೇ ಸ್ಟ್ಯಾಂಡಿನಲ್ಲಿ ಮತ್ತೆ ಸಿಕ್ಕರೆ ಒಂದು ಸಲಾಂ ಹೇಳಿ, ಸಾಕು. ಮತ್ತೆ, ಈ ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಮನೆಗೆ ಊಟಕ್ಕೆ ಬನ್ನಿ. ಬಿಸಿಬೇಳೆ ಬಾತ್ ಮಾಡ್ತೀನಿ. ಈರುಳ್ಳಿ ತಿಂತೀರಾ?