ಪಕ್ಕದಲ್ಲೇ ದೊಡ್ಡೋರಿದ್ರೆ ಸಣ್ಣ ದೇಶ ಏನ್ಮಾಡ್ಬೇಕು?

ಪ್ರಶ್ನೆ: ಮೇಷ್ಟ್ರೇ ನಮಸ್ಕಾರ. ನಾನು ಮದ್ದೂರಿನ ಕಡೆಯವ್ನು, ಎರಡೆಕರೆ ಕಬ್ಬು ಇದೆ. ಮಗ ಮೈಸೂರಲ್ಲಿ ರೂಮ್ ಮಾಡ್ಕೊಂಡು ಕೆಎಎಸ್‌ಗೆ ಓದ್ತಾವ್ನೆ. ಹಬ್ಬಕ್ಕೆ ಬಂದಾಗ ನಮ್ಮಿಬ್ರಿಗೂ ಮಾತಿಗೆ ಮಾತು ಬೆಳೀತು. ಚೀನಾ ಹಿಂಗೆ ಬೆಳೀತಿರುವಾಗ ಶ್ರೀಲಂಕಾ, ನೇಪಾಳ, ವಿಯೆಟ್ನಾಂ ಥರದ ಸಣ್ಣ ದೇಶಗಳು ಏನ್ಮಾಡ್ಬೇಕು ಅಂತ. ದೊಡ್ಡೋರ ಹತ್ರ ತಗ್ಗಿ ಬಗ್ಗಿ ಇದ್ರೆ ನೆಮ್ಮದಿ ಅಂತ ನಾನು. ಇಲ್ಲ, ಎಲ್ಲಾ ಸೇರಿ ಅಮೆರಿಕಾ ಬೆನ್ನಿಗೆ ನಿಂತು ಎದುರಿಸ್ಬೇಕು ಅಂತ ಅವ್ನು. ಯಾರದು ಸರಿ ಸಾ?

ಉತ್ತರ: ಅಪ್ಪ ಮಗನ ಜಗಳದಲ್ಲಿ ಮಧ್ಯೆ ಹೋದ್ರೆ ನನಗೇ ಏಟು ಅಂತ ಗೊತ್ತು, ಆದ್ರೂ ಹೇಳ್ತೀನಿ, ಈ ಸಲ ಇಬ್ರೂ ಸೋತಿದೀರ.

ನೀವು ಕಬ್ಬು ಬೆಳೆಯೋರು, ನಿಮಗೆ ಇದನ್ನ ನಾನು ಹೇಳ್ಕೊಡೋ ಅಗತ್ಯನೇ ಇಲ್ಲ. ಕಬ್ಬು ವರ್ಷ ದಾಟಿ ಸೂಲಂಗಿ ಒಡೆದು ನಿಂತಿರುತ್ತೆ, ಫ್ಯಾಕ್ಟರಿಯಿಂದ ಕಟಿಂಗ್ ಆರ್ಡರ್ ಬರಲ್ಲ, ಫೀಲ್ಡ್‌ಮನ್ ಫೋನ್ ಎತ್ತಲ್ಲ. ಆಗ ನೀವು ಕೈ ಮುಗಿದ್ರೂ ಅಷ್ಟೇ, ಗೇಟ್ ಮುಂದೆ ಧರಣಿ ಕೂತ್ರೂ ಅಷ್ಟೇ, ಗದ್ದೇಲಿ ದಿನಾ ತೂಕ ಇಳೀತಾ ಇರುತ್ತೆ. ಅದೇ ಊರ ಪಕ್ಕ ಒಂದು ಆಲೆಮನೆ ಹೊಗೆಯಾಡ್ತಿದ್ರೆ? ಅಲ್ಲಿಗೇ ಹಾಕ್ಬೇಕು ಅಂತೇನಿಲ್ಲ, ಹಾಕೋಕೆ ದಾರಿ ಇದೆ ಅಂತ ಫ್ಯಾಕ್ಟರಿಯವ್ರಿಗೆ ಗೊತ್ತಿದ್ರೆ ಸಾಕು, ಫೀಲ್ಡ್‌ಮನ್ನೇ ಬೈಕ್ ಹಾಕ್ಕೊಂಡು ಮನೆ ಹತ್ರ ಬರ್ತಾನೆ. ಸಣ್ಣ ದೇಶದ ವಿದೇಶಾಂಗ ನೀತಿ ಮುಕ್ಕಾಲು ಪಾಲು ಈ ಆಲೆಮನೆ ಹುಡ್ಕೋ ಕೆಲಸಾನೇ.

ನೇಪಾಳ ನೋಡಿ. 2015ರ ಏಪ್ರಿಲ್‌ನಲ್ಲಿ ಭೂಕಂಪ, ಸೆಪ್ಟೆಂಬರ್‌ನಲ್ಲಿ ಹೊಸ ಸಂವಿಧಾನ, ಅದರಲ್ಲಿ ನಮಗೆ ಅನ್ಯಾಯ ಆಗಿದೆ ಅಂತ ತರಾಯಿಯ, ಅಂದ್ರೆ ನಮ್ಮ ಗಡಿ ಪಕ್ಕದ ಬಯಲು ಸೀಮೆಯ, ಮಧೇಸಿ ಜನ ಗಡೀಲಿ ಧರಣಿ ಕೂತ್ರು, ಲಾರಿಗಳು ಈ ಕಡೆನೇ ನಿಂತ್ವು, ಪೆಟ್ರೋಲ್ ಇಲ್ಲ, ಗ್ಯಾಸ್ ಇಲ್ಲ, ಔಷಧಿಗೂ ಪರದಾಟ, ಹೆಚ್ಚುಕಮ್ಮಿ ಐದು ತಿಂಗಳು. ನಾವು ತಡೆದಿಲ್ಲ ಅಂತ ದಿಲ್ಲಿ ಹೇಳ್ತು, ಕಠ್ಮಂಡುನೋರು ನಂಬಲಿಲ್ಲ. ಯಾರ ತಪ್ಪು ಅನ್ನೋ ಪಂಚಾಯ್ತಿ ಬಿಡಿ, ಪೆಟ್ರೋಲ್ ಬರ್ತಿದ್ದುದೇ ಒಂದು ಕಡೆಯಿಂದ, ಕಷ್ಟ ಇದ್ದಿದ್ದು ಅಲ್ಲಿ. 2016ರ ಮಾರ್ಚ್‌ನಲ್ಲಿ ಪ್ರಧಾನಿ ಓಲಿ ಬೀಜಿಂಗ್‌ಗೆ ಹೋಗಿ ಸರಕು ಸಾಗಣೆ ಒಪ್ಪಂದಕ್ಕೆ ಸೈನ್ ಹಾಕ್ಸಿ ಬಂದ್ರು. ಮಧ್ಯೆ ಹಿಮಾಲಯ, ಚೀನಾದ ಬಂದರು ಸಾವಿರಾರು ಕಿಲೋಮೀಟರ್ ಆಚೆ, ಕೋಲ್ಕತ್ತಾನೇ ಎಷ್ಟೋ ಹತ್ರ, ಹಂಗಾಗಿ ಆ ದಾರೀಲಿ ಹೆಚ್ಚೇನೂ ಓಡಾಟ ಆಗ್ಲಿಲ್ಲ. ಆದ್ರೆ ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ಗೆ 69 ಕಿಲೋಮೀಟರ್ ಪೆಟ್ರೋಲಿಯಂ ಪೈಪ್‌ಲೈನ್, ಎಷ್ಟೋ ವರ್ಷದಿಂದ ಬರೀ ಮಾತಲ್ಲೇ ಇದ್ದದ್ದು, 2019ರಲ್ಲಿ ಓಪನ್ ಆಯ್ತು. ಒಪ್ಪಂದಕ್ಕೆ ಹೆದರಿನೇ ಹಾಕಿದ್ರು ಅಂತ ನಾನು ಹೇಳಲ್ಲ, ನೀವು ಏನ್ ಬೇಕಾದ್ರೂ ಅಂದ್ಕೊಳಿ.

ಇಲ್ಲೊಂದು ಮಾತು. ನಿಮ್ಮ ಪ್ರಶ್ನೇಲಿ ದೊಡ್ಡೋರು ಅಂದ್ರೆ ಚೀನಾ ಒಂದೇ. ಕಠ್ಮಂಡುಲಿ ಕೂತು ನೋಡಿದ್ರೆ ದೊಡ್ಡೋರು ನಾವು ಕಣ್ರೀ. ಮಗನಿಗೆ ಇಂಟರ್‌ವ್ಯೂನಲ್ಲಿ ಈ ಕಡೆಯಿಂದ ಪ್ರಶ್ನೆ ಬಂದ್ರೆ ತಡಬಡಾಯಿಸದೇ ಇರ್ಲಿ.

ತಗ್ಗಿ ಬಗ್ಗಿ ಇದ್ರೆ ನೆಮ್ಮದಿ ಅಂದ್ರಲ್ಲ, ಅದಕ್ಕೆ ನಮ್ಮ ಮೈಸೂರೇ ಸಾಕ್ಷಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಇನ್ನೂ 5 ವರ್ಷ ತುಂಬದ ಮುಮ್ಮಡಿ ಕೃಷ್ಣರಾಜರನ್ನ ಗದ್ದುಗೇಲಿ ಕೂರಿಸಿ ಈಸ್ಟ್ ಇಂಡಿಯಾ ಕಂಪನಿಯವ್ರು ಒಪ್ಪಂದ ಬರೆಸ್ಕೊಂಡ್ರು. ವರ್ಷಕ್ಕೆ 7 ಲಕ್ಷ ಪಗೋಡ, ಅಂದ್ರೆ ಆಗಿನ ಚಿನ್ನದ ನಾಣ್ಯ, ಕಟ್ಬೇಕು, ಅದು ಎಲ್ರಿಗೂ ನೆನಪಿರುತ್ತೆ. ಅದಕ್ಕಿಂತ ಬಿಗಿಯಾದ ಷರತ್ತು ಇನ್ನೊಂದಿತ್ತು, ಕಂಪನಿಗೆ ಗೊತ್ತಿಲ್ದೆ ಬೇರೆ ಯಾವ ರಾಜ್ಯದ ಜೊತೆಗೂ ಪತ್ರ ವ್ಯವಹಾರ ಮಾಡಂಗಿಲ್ಲ. ಆಲೆಮನೆ ಬಾಗಿಲು ಅವತ್ತೇ ಮುಚ್ತು. ಮೈಸೂರು ಹೇಳಿದಂಗೆ ಕೇಳ್ಕೊಂಡೇ ಇತ್ತು, ಆದ್ರೂ 1831ರಲ್ಲಿ ಆಡಳಿತ ಸರಿಯಿಲ್ಲ ಅಂತ ಕಿತ್ಕೊಂಡ್ರು, ವಾಪಸ್ ಬಂದಿದ್ದು 1881ಕ್ಕೆ. ಭೂತಾನ್ 1949ರಲ್ಲಿ ನಮ್ಮ ಜೊತೆ ಮಾಡ್ಕೊಂಡ ಒಪ್ಪಂದದಲ್ಲೂ ವಿದೇಶ ವ್ಯವಹಾರಕ್ಕೆ ಭಾರತದ ಸಲಹೆ ಪ್ರಕಾರ ನಡೀಬೇಕು ಅನ್ನೋ ಸಾಲಿತ್ತು. ಅವ್ರು ಗಲಾಟೆ ಗದ್ದಲ ಏನೂ ಮಾಡದೆ, ಸ್ನೇಹನೂ ಕೆಡಿಸ್ಕೊಳ್ದೆ, 2007ರಲ್ಲಿ ಆ ಸಾಲು ತೆಗೆಸಿದ್ರು. ನನಗಂತೂ ಭೂತಾನ್‌ನೋರ ಬಗ್ಗೆ ಬಲು ಗೌರವ.

ಇನ್ನು ಮಗನ ವಾದ. ಫಿಲಿಪ್ಪೀನ್ಸ್‌ಗೆ 1951ರಿಂದ ಅಮೆರಿಕಾ ಜೊತೆ ರಕ್ಷಣಾ ಒಪ್ಪಂದ ಇದೆ, ಆದ್ರೂ 2012ರಲ್ಲಿ ಸ್ಕಾರ್‌ಬರೋ ಅನ್ನೋ ಕಡಲ ದಿಬ್ಬ ಚೀನಾ ಹಿಡಿತಕ್ಕೆ ಹೋಯ್ತು. ಹೇಗ್‌ನ ನ್ಯಾಯಮಂಡಳಿಗೆ ಹೋಗಿ 2016ರಲ್ಲಿ ಗೆದ್ರು, ಚೀನಾ ತೀರ್ಪನ್ನೇ ಒಪ್ಪಲಿಲ್ಲ. ತೀರ್ಪು ಬೇರೆ ನೀರು ಬೇರೆ ಅಂತ ಮಂಡ್ಯದೋರಿಗೆ ನಾನು ಹೇಳ್ಬೇಕಾ.

ನನ್ನ ಲೆಕ್ಕದಲ್ಲಿ ಈ ಆಟ ಚೆನ್ನಾಗಿ ಆಡ್ತಿರೋದು ವಿಯೆಟ್ನಾಂ. 1979ರಲ್ಲಿ ಚೀನಾ ಸೈನ್ಯ ಒಳಗೇ ನುಗ್ಗಿತ್ತು, 1991ರಲ್ಲಿ ಅದೇ ಚೀನಾ ಜೊತೆ ಸಂಬಂಧ ಸರಿ ಮಾಡ್ಕೊಂಡ್ರು, ಯಾಕಂದ್ರೆ ಪಕ್ಕದ ಮನೆಯೋರನ್ನ ಎತ್ತಿ ಆಚೆ ಇಡೋಕಾಗಲ್ವಲ್ಲ. ಹಂಗಂತ ಬಗ್ಗಲೂ ಇಲ್ಲ. 2014ರಲ್ಲಿ ತಗಾದೆ ಇರೋ ಕಡಲಲ್ಲಿ ಚೀನಾ ತೈಲ ಕೊರೆಯೋ ರಿಗ್ ತಂದು ನಿಲ್ಲಿಸ್ದಾಗ ತಮ್ಮ ಹಡಗುಗಳನ್ನ ಕಳಿಸಿ ಎದುರಾಬದುರು ನಿಂತ್ರು, ಡಿಕ್ಕಿಯೂ ಆಯ್ತು, ಎರಡು ತಿಂಗಳು ದಾಟಿದ ಮೇಲೆ ರಿಗ್ ವಾಪಸ್ ಹೋಯ್ತು. ಅವ್ರ ರಕ್ಷಣಾ ನೀತೀಲಿ ನಾಲ್ಕು ಇಲ್ಲ ಇದೆ: ಸೇನಾ ಕೂಟ ಸೇರಲ್ಲ, ಒಬ್ರ ಪರ ನಿಂತು ಇನ್ನೊಬ್ರ ವಿರುದ್ಧ ಹೋಗಲ್ಲ, ನಮ್ಮ ನೆಲದಲ್ಲಿ ಹೊರಗಿನೋರ ಸೇನಾ ನೆಲೆ ಇಲ್ಲ, ಬಲಪ್ರಯೋಗ ಬೆದರಿಕೆ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬೈಡನ್ ಹನೋಯ್‌ಗೆ ಬಂದು ಕೈ ಕುಲುಕಿದ್ರು, ಡಿಸೆಂಬರ್‌ನಲ್ಲಿ ಷಿ ಜಿನ್‌ಪಿಂಗ್ ಬಂದ್ರು. ಒಂದೇ ಜಗಲಿ ಮೇಲೆ ಇಬ್ರು ಬೀಗರನ್ನೂ ಕೂರಿಸಿ ಊಟ ಹಾಕಿದಂಗೆ.

ಆದ್ರೆ ಆಲೆಮನೆ ಇದೆ ಅಂತ ಅಲ್ಲೇ ಅಡ್ವಾನ್ಸ್ ತಗೊಂಡು ಮಗಳ ಮದುವೆ ಜೋರಾಗಿ ಮಾಡಿದ್ರೆ, ಆಮೇಲೆ ಆಲೆಮನೆಯವ್ನೇ ಇನ್ನೊಂದು ಫ್ಯಾಕ್ಟರಿ. ಶ್ರೀಲಂಕಾದ್ದು ಅದೇ ಕಥೆ. ಚೀನಾ ಸಾಲದಲ್ಲಿ ಕಟ್ಟಿದ ಹಂಬನ್‌ತೋಟ ಬಂದರು 2017ರಲ್ಲಿ 99 ವರ್ಷಕ್ಕೆ ಚೀನಾ ಕಂಪನಿಗೆ ಲೀಸ್, ಸುಮಾರು 112 ಕೋಟಿ ಡಾಲರ್‌ಗೆ. ಹಂಗಂತ ಎಲ್ಲಾನೂ ಚೀನಾ ತಲೆಗೆ ಕಟ್ಟೋದು ಸುಳ್ಳು, ವಿದೇಶಿ ಸಾಲದಲ್ಲಿ ದೊಡ್ಡ ಪಾಲು ಮಾರ್ಕೆಟ್‌ನಲ್ಲಿ ಎತ್ತಿದ ಡಾಲರ್ ಬಾಂಡ್‌ಗಳದ್ದು, ಮೇಲೆ 2019ರಲ್ಲಿ ತೆರಿಗೆ ಇಳಿಸಿದ್ರು, 2021ರಲ್ಲಿ ಏಕ್‌ದಂ ರಾಸಾಯನಿಕ ಗೊಬ್ಬರ ನಿಲ್ಲಿಸಿ ಭತ್ತನೂ ಕಳ್ಕೊಂಡ್ರು. 2022ರಲ್ಲಿ ಸಾಲ ಕಟ್ಟೋಕಾಗದೆ ಕೈಯೆತ್ತಿದಾಗ ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟಿದ್ದು ಭಾರತ.

ಮಾಲ್ಡೀವ್ಸ್ ನೀವು ಕೇಳಿಲ್ಲ, ಆದ್ರೂ ಮಗ ಓದ್ಕೊಳ್ಳಲಿ. ಅಲ್ಲಿನ ಅಧ್ಯಕ್ಷರ ಚುನಾವಣೇಲಿ ಮುಯಿಝು ಭಾರತದ ಸೈನಿಕರು ವಾಪಸ್ ಹೋಗ್ಲಿ ಅಂತ ಹೇಳಿನೇ ಗೆದ್ರು, ನಮ್ಮೋರು ಟ್ರಿಪ್ ಕ್ಯಾನ್ಸಲ್ ಮಾಡಿ ಟಿಕೆಟ್ ಫೋಟೋ ಹಾಕಿದ್ದೇ ಹಾಕಿದ್ದು. 2024ರ ಮೇನಲ್ಲಿ ಸೈನಿಕರು ವಾಪಸ್ ಬಂದ್ರು, ನಾವು ಕೊಟ್ಟಿದ್ದ ಹೆಲಿಕಾಪ್ಟರ್ ನೋಡ್ಕೊಳೋಕೆ ನಮ್ಮ ಸಿವಿಲಿಯನ್ ಟೆಕ್ನಿಷಿಯನ್ಸ್ ಹೋದ್ರು, ಅಕ್ಟೋಬರ್‌ನಲ್ಲಿ ಅದೇ ಮುಯಿಝು ದಿಲ್ಲಿಗೆ ಬಂದು 40 ಕೋಟಿ ಡಾಲರ್ ಮತ್ತೆ 3000 ಕೋಟಿ ರೂಪಾಯಿಯ ಕರೆನ್ಸಿ ಸ್ವಾಪ್, ಅಂದ್ರೆ ಕಷ್ಟಕಾಲಕ್ಕೆ ಹಣ ಅದಲು ಬದಲು ಮಾಡ್ಕೊಳೋ ಒಪ್ಪಂದ, ಮಾಡ್ಕೊಂಡು ಹೋದ್ರು. ಐದು ಲಕ್ಷ ಚಿಲ್ಲರೆ ಜನ ಇರೋ ದೇಶ ಅದು, ನಮ್ಮ ಮೈಸೂರು ಸಿಟಿಗಿಂತ ಕಮ್ಮಿ.

ಅಂದ ಹಾಗೆ ಈ ಸಲ ನಿಮ್ಮ ಎರಡೆಕರೆಗೆ ಕಟಿಂಗ್ ಆರ್ಡರ್ ಬಂತಾ?